ಲೈಫ್ ಸ್ಟಡಿಯ ಕೋಣೆಗೆ ಒಂದು ನಿಯಮಾವಳಿ ಬೇಕು: ಕಲಾ ಕಾಲೇಜುಗಳಿಗೆ ಬಹಿರಂಗ ಪತ್ರ

ರಾಜ್ಯದ ದೃಶ್ಯಕಲಾ ಕಾಲೇಜುಗಳ ಪ್ರಾಂಶುಪಾಲರಿಗೆ ಮತ್ತು ಬಿ.ವಿ.ಎ. (ದೃಶ್ಯಕಲಾ ಪದವಿ) ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಗಳ ಸದಸ್ಯರಿಗೆ,

ಮಾನ್ಯರೇ,

ಕಲಾ ಇತಿಹಾಸದ ಪತ್ರಿಕೆಯಲ್ಲಿ ಮೈಕೆಲ್ಯಾಂಜೆಲೊನ ಡೇವಿಡ್ ಬಗ್ಗೆ ಟಿಪ್ಪಣಿ ಬರೆಯಿರಿ ಎಂದು ಕೇಳುತ್ತೀರಿ. ವಿದ್ಯಾರ್ಥಿ ಬರೆಯುತ್ತಾನೆ: 1501ರಿಂದ 1504, ಅಮೃತಶಿಲೆ, 5.17 ಮೀಟರ್ ಎತ್ತರ, ಭಾರವೆಲ್ಲ ಬಲಗಾಲಿನ ಮೇಲೆ. ಅದೇ ಹುಡುಗ ಮಧ್ಯಾಹ್ನ ಸ್ಟುಡಿಯೊಗೆ ಬಂದರೆ ಅಲ್ಲಿ ತುಂಬುತೋಳಿನ ಅಂಗಿ ತೊಟ್ಟು, ಪಂಚೆ ಉಟ್ಟು ಕುರ್ಚಿಯ ಮೇಲೆ ಕೂತವರನ್ನು ನೋಡಿ ಬರೆಯಬೇಕು. ಭಾರ ಯಾವ ಕಾಲಿನ ಮೇಲಿದೆ ಎಂಬುದು ಪಂಚೆಯ ಒಳಗಿನ ವಿಷಯ. ಅವನು ಕಾಲನ್ನು ಊಹಿಸಿ ಬರೆಯುತ್ತಾನೆ, ನಾವು ಆ ಊಹೆಗೆ ಅಂಕ ಹಾಕುತ್ತೇವೆ.

ನಮ್ಮ ಬೇಡಿಕೆ ಇಷ್ಟೇ. ಮೂರನೇ ಸೆಮಿಸ್ಟರಿನಿಂದ ನಗ್ನ ಮಾಡೆಲ್ ಇಟ್ಟುಕೊಂಡು ಮಾಡುವ ಲೈಫ್ ಸ್ಟಡಿಯನ್ನು ಪಠ್ಯದಲ್ಲಿ ಸೇರಿಸಿ. ಅದಕ್ಕೊಂದು ಲಿಖಿತ ನಿಯಮಾವಳಿ ಮಾಡಿ. ಬೇಡವೆನ್ನುವ ವಿದ್ಯಾರ್ಥಿಗೆ ಬಟ್ಟೆ ತೊಟ್ಟ ಮಾಡೆಲ್‌ನ ಅಥವಾ ಪ್ಲಾಸ್ಟರ್ ಅಚ್ಚಿನ ಪ್ರತಿಮೆಯ, ಅಂದರೆ ಕ್ಯಾಸ್ಟ್‌ನ ಪರ್ಯಾಯ ಕೊಡಿ, ಅಂಕ ಕಡಿಮೆ ಮಾಡಬೇಡಿ. ಕೆಲವು ಕಡೆ ಈ ತರಗತಿ ಯಾವುದೇ ಕಾಗದಪತ್ರವಿಲ್ಲದೆ, ಬಾಗಿಲು ಮುಚ್ಚಿ, ಮೇಷ್ಟರ ಧೈರ್ಯದ ಮೇಲೆ ನಡೆಯುತ್ತದೆ. ನಡೆಯದೇ ಇರುವುದಕ್ಕಿಂತ ಅದೇ ಹೆಚ್ಚು ಅಪಾಯ. ಮೂರನೇ ಸೆಮಿಸ್ಟರ್ ಎನ್ನುವುದಕ್ಕೂ ಕಾರಣವಿದೆ: ಪಿಯುಸಿ ಮುಗಿಸಿ ಬಂದ ಮೊದಲ ವರ್ಷದವರಲ್ಲಿ 18 ತುಂಬದವರು ಇರುತ್ತಾರೆ.

ಬಟ್ಟೆ ಏನನ್ನು ಮುಚ್ಚುತ್ತದೆ ಎಂಬುದರಿಂದ ಶುರು ಮಾಡೋಣ. ಹೊರಗಿನವರು ಅಂದುಕೊಳ್ಳುವ ಅಂಗಗಳನ್ನು ಎರಡು ನಿಮಿಷದಲ್ಲಿ ಬರೆದು ಮುಗಿಸಬಹುದು, ಕಷ್ಟ ಅಲ್ಲಿಲ್ಲ. ಒಬ್ಬ ಮನುಷ್ಯ ಬಲಗಾಲಿನ ಮೇಲೆ ಭಾರ ಹಾಕಿ ನಿಂತ ಎಂದುಕೊಳ್ಳಿ. ಬಲಗಡೆಯ ಸೊಂಟದ ಮೂಳೆ ಮೇಲೇರುತ್ತದೆ, ಎಡಗಡೆಯದು ಇಳಿಯುತ್ತದೆ. ಅದನ್ನು ಸರಿದೂಗಿಸಲು ಬಲಭುಜ ತುಸು ಕೆಳಗೆ ಬರುತ್ತದೆ. ಬಲಗಡೆ ಪಕ್ಕೆಲುಬಿಗೂ ಸೊಂಟಕ್ಕೂ ನಡುವೆ ಚರ್ಮ ಮಡಿಚಿಕೊಳ್ಳುತ್ತದೆ, ಎಡಗಡೆ ಹಿಗ್ಗುತ್ತದೆ. ಕತ್ತಿನ ಗುಳಿಯಿಂದ ಒಂದು ದಾರ ಇಳಿಬಿಟ್ಟರೆ ಅದು ಬಲಪಾದದ ಒಳಗಿಣ್ಣಿನ ಹತ್ತಿರ ಬಂದು ನಿಲ್ಲುತ್ತದೆ. ಇವೆಲ್ಲ ಒಂದೇ ಹೊತ್ತಿಗೆ ಆಗುವ ಬದಲಾವಣೆಗಳು, ಒಂದು ತಪ್ಪಿದರೂ ಚಿತ್ರದ ಮನುಷ್ಯ ವಾಲುತ್ತಾನೆ. ಬರೆಯುವವನು ಕಣ್ಣಿಡಬೇಕಾದ ಗುರುತುಗಳು ಕತ್ತಿನ ಗುಳಿ, ಎರಡು ಸೊಂಟದ ಮೂಳೆಯ ತುದಿ, ಹೊಕ್ಕುಳು, ಜಘನಾಸ್ಥಿ (ಕಿಬ್ಬೊಟ್ಟೆಯ ಬುಡದ ಮೂಳೆ), ಮಂಡಿಚಿಪ್ಪು. ಅಂಗಿ ಪಂಚೆ ಇವನ್ನೆಲ್ಲ ಮುಚ್ಚುತ್ತವೆ. ಬಿಗಿಯಾದ ಬನಿಯನ್ನು, ಚಡ್ಡಿ ಹಾಕಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಚಡ್ಡಿಯ ಎಲಾಸ್ಟಿಕ್ ಪಟ್ಟಿ ಸೊಂಟದ ಮೂಳೆಯ ಓರೆಯ ಮೇಲೆ ಇನ್ನೊಂದು ನೇರ ಗೆರೆ ಎಳೆದುಬಿಡುತ್ತದೆ. ಕಲಿಯುವವನ ಕಣ್ಣು ಆ ಗೆರೆಯನ್ನೇ ನಂಬುತ್ತದೆ, ಪೆಲ್ವಿಸ್ (ಸೊಂಟದ ಎಲುಬುಗೂಡು) ಸಮತಟ್ಟಾಗಿ ಕೂತುಬಿಡುತ್ತದೆ. ಮುಂದೆ ಸೀರೆ ಉಟ್ಟ ಹೆಂಗಸನ್ನೋ, ಗದ್ದೆಯಲ್ಲಿ ಬಗ್ಗಿದ ಗಂಡಸನ್ನೋ ಬರೆಯುವಾಗಲೂ ಅವನ ಆಕೃತಿಗಳೆಲ್ಲ ಸೊಂಟ ತಿರುಗದ ಗೊಂಬೆಗಳಾಗುತ್ತವೆ.

ಗ್ರೀಕರು ಈ ಭಾರದ ಲೆಕ್ಕ ಕಂಡುಕೊಳ್ಳಲು ನೂರು ವರ್ಷಕ್ಕೂ ಹೆಚ್ಚು ತೆಗೆದುಕೊಂಡರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಕ್ರಿ.ಪೂ. 600ರ ಆಸುಪಾಸಿನ ಒಂದು ಕೌರೋಸ್ (ನಿಂತ ಯುವಕನ ಶಿಲ್ಪ) ಇದೆ, ಎತ್ತರ ಸುಮಾರು 195 ಸೆಂಟಿಮೀಟರ್. ಬೆತ್ತಲೆ ಯುವಕ, ಎಡಗಾಲು ಮುಂದೆ, ಕೈ ಎರಡೂ ಪಕ್ಕಕ್ಕೆ ಬಿಗಿ. ಕಾಲು ಮುಂದಿಟ್ಟಿದ್ದರೂ ಸೊಂಟ ಅಲುಗಿಲ್ಲ, ಭಾರ ಎರಡೂ ಪಾದದ ಮೇಲೆ ಸಮನಾಗಿದೆ. ನಿಂತ ಭಂಗಿಯನ್ನೂ ಅಳತೆಯ ಕ್ರಮವನ್ನೂ ಈಜಿಪ್ಟಿನಿಂದ ತೆಗೆದುಕೊಂಡ ಗ್ರೀಕ್ ಶಿಲ್ಪಿ, ಅಲ್ಲಿನ ಸೊಂಟದ ಬಟ್ಟೆಯನ್ನು ಮಾತ್ರ ಬಿಟ್ಟುಬಿಟ್ಟ. ಆ ಬಟ್ಟೆ ಹೋದದ್ದರಿಂದಲೇ ಸೊಂಟದ ಪ್ರಶ್ನೆ ಕಣ್ಣಿಗೆ ಬಿತ್ತು ಎನ್ನುವುದು ನಮ್ಮ ಅಭಿಪ್ರಾಯ. ಕ್ರಿ.ಪೂ. 480ರ ಹೊತ್ತಿಗೆ ಅಥೆನ್ಸಿನ ಅಕ್ರೊಪೊಲಿಸ್ಸಿನ ಕ್ರಿಟಿಯೋಸ್ ಬಾಲಕ ಎಂಬ ಶಿಲ್ಪದಲ್ಲಿ ಉತ್ತರ ಸಿಕ್ಕಿದೆ. ಉಳಿದಿರುವ ಭಾಗ 1.17 ಮೀಟರ್ ಅಷ್ಟೇ, ಆದರೆ ಒಂದು ಸೊಂಟ ಮೇಲೆ, ಇನ್ನೊಂದು ಕೆಳಗೆ, ತಲೆ ತುಸು ಪಕ್ಕಕ್ಕೆ. ಇನ್ನೊಂದು ಮೂವತ್ತು ನಲವತ್ತು ವರ್ಷಕ್ಕೆ ಪಾಲಿಕ್ಲೀಟಸ್ ಎಂಬ ಶಿಲ್ಪಿ ಇದನ್ನೆಲ್ಲ ಅಳತೆಯ ಸೂತ್ರಕ್ಕೆ ಇಳಿಸಿ ಈಟಿ ಹಿಡಿದವನ ಕಂಚಿನ ಮೂರ್ತಿ ಮಾಡಿದ. ಕಂಚಿನದು ಕಳೆದುಹೋಗಿದೆ. ಪಾಂಪೆಯಲ್ಲಿ ಸಿಕ್ಕ ಅಮೃತಶಿಲೆಯ ನಕಲು, 2.12 ಮೀಟರ್ ಎತ್ತರದ್ದು, ನೇಪಲ್ಸಿನಲ್ಲಿದೆ.

ಹೆಣ್ಣಿನ ನಗ್ನಾಕೃತಿ ದೊಡ್ಡ ಗಾತ್ರದಲ್ಲಿ ಬಂದದ್ದು ಇನ್ನೂ ನೂರು ವರ್ಷ ತಡವಾಗಿ. ಅಲ್ಲಿ ಆಡಳಿತ ನಡೆಸುವವರಿಗೆ ಆಸಕ್ತಿ ಹುಟ್ಟಿಸುವ ಪ್ರಸಂಗವೊಂದಿದೆ. ರೋಮಿನ ಲೇಖಕ ಪ್ಲಿನಿ ಬರೆದಂತೆ, ಕ್ರಿ.ಪೂ. 4ನೇ ಶತಮಾನದಲ್ಲಿ ಪ್ರಾಕ್ಸಿಟಲೀಸ್ ಎಂಬ ಗ್ರೀಕ್ ಶಿಲ್ಪಿ ಪ್ರೇಮದೇವತೆ ಅಫ್ರೊಡೈಟಿಯ ಎರಡು ಮೂರ್ತಿ ಮಾಡಿ ಮಾರಾಟಕ್ಕಿಟ್ಟ, ಒಂದು ಬಟ್ಟೆ ಉಟ್ಟದ್ದು, ಇನ್ನೊಂದು ಬೆತ್ತಲೆ. ಬೆಲೆ ಎರಡಕ್ಕೂ ಒಂದೇ. ಮೊದಲು ಆರಿಸುವ ಹಕ್ಕಿದ್ದ ಕೋಸ್ ಊರಿನವರು ಮರ್ಯಾದೆಯ ಮಾತಾಡಿ ಬಟ್ಟೆಯದನ್ನು ಕೊಂಡರು. ಉಳಿದದ್ದನ್ನು ಕ್ನಿಡೋಸ್‌ನವರು ಒಯ್ದರು. ಆಮೇಲೆ ಜನ ಹಡಗು ಹತ್ತಿ ಕ್ನಿಡೋಸಿಗೆ ಬರತೊಡಗಿದರು. ನಿಕೊಮಿಡೀಸ್ ಎಂಬ ರಾಜ, ಮೂರ್ತಿ ಕೊಟ್ಟರೆ ಊರಿನ ಸಾಲವನ್ನೆಲ್ಲ ತೀರಿಸುತ್ತೇನೆ ಎಂದರೂ ಅವರು ಕೊಡಲಿಲ್ಲ. ಕೋಸ್‌ನವರು ಕೊಂಡ ಮೂರ್ತಿ ಹೇಗಿತ್ತೆಂದು ಇಂದು ಯಾರಿಗೂ ಖಚಿತವಾಗಿ ಹೇಳಲು ಬರುವುದಿಲ್ಲ.

ಇನ್ನು ನಮ್ಮ ನೆಲದ್ದು. ಈ ಚರ್ಚೆ ಬಂದಾಗಲೆಲ್ಲ ಯಾರಾದರೊಬ್ಬರು ಶ್ರವಣಬೆಳಗೊಳದ ಕಡೆ ಕೈ ತೋರಿಸುತ್ತಾರೆ: ಗೊಮ್ಮಟ ಬೆತ್ತಲೆ ನಿಂತಿಲ್ಲವೇ ಎಂದು. ಗೊಮ್ಮಟನನ್ನು ಹೀಗೆ ಗುರಾಣಿ ಮಾಡಿಕೊಳ್ಳುವುದು ನಮಗೆ ಒಪ್ಪಿಗೆಯಿಲ್ಲ. ಬಾಹುಬಲಿಯ ದಿಗಂಬರತ್ವ ಎಲ್ಲವನ್ನೂ ಬಿಟ್ಟವನ ಸ್ಥಿತಿ, ಅದು ಪೂಜೆಗೊಳ್ಳುವ ಮೂರ್ತಿ. ಗಂಟೆಗಿಷ್ಟು ಎಂದು ಸಂಬಳ ಪಡೆದು ನಿಲ್ಲುವ ಮಾಡೆಲ್‌ಗೂ ಅದಕ್ಕೂ ಸಂಬಂಧ ಕಟ್ಟಿದರೆ ಇಬ್ಬರಿಗೂ ಅನ್ಯಾಯ. ಆದರೆ ಅಳತೆಯ ಪಾಠಕ್ಕೆ ಅಲ್ಲಿಗೆ ಹೋಗಲೇಬೇಕು.

ಶಿಲ್ಪಶಾಸ್ತ್ರದ ನವತಾಲ ಮಾನದಲ್ಲಿ ಮೂರ್ತಿಯ ಎತ್ತರ 108 ಅಂಗುಲ, ತಾಲವೊಂದಕ್ಕೆ 12. ಹಂಚಿಕೆ ಹೀಗೆ: ಮುಖ 12, ಕುತ್ತಿಗೆ 4, ಕುತ್ತಿಗೆಯಿಂದ ಎದೆ 12, ಎದೆಯಿಂದ ಹೊಕ್ಕುಳು 12, ಹೊಕ್ಕುಳಿಂದ ಗುಹ್ಯದ ಬುಡಕ್ಕೆ 12, ತೊಡೆ 24, ಮಂಡಿ 4, ಮೊಣಕಾಲ ಕೆಳಗೆ 24, ಪಾದ 4. ಮೇಲಿನ ಭಾಗ ಕೂಡಿದರೆ 52, ಕೆಳಗಿನದು 56. ಅಂದರೆ ಇಡೀ ದೇಹದ ಮಧ್ಯ ಜಘನಾಸ್ಥಿಯ ಸುತ್ತಮುತ್ತ ಬೀಳುತ್ತದೆ. ಸುಮಾರು 1490ರಲ್ಲಿ ಲಿಯೊನಾರ್ಡೊ ತನ್ನ ವೃತ್ತ-ಚೌಕದ ಮನುಷ್ಯನನ್ನು ಬರೆದು ಪಕ್ಕದಲ್ಲಿ ಗೀಚಿದ ಟಿಪ್ಪಣಿಯೂ ಜನನೇಂದ್ರಿಯದ ಬುಡವನ್ನೇ ದೇಹದ ಮಧ್ಯ ಎನ್ನುತ್ತದೆ. ಒಬ್ಬರನ್ನೊಬ್ಬರು ಅರಿಯದ ಎರಡು ಪರಂಪರೆಗಳು ಒಂದೇ ಬಿಂದುವಿಗೆ ಬಂದು ನಿಂತಿವೆ. ಹಾಳೆಯ ಮೇಲೆ ಆಕೃತಿಯ ಉದ್ದ ಸರಿಹೋಗುತ್ತದೋ ಇಲ್ಲವೋ ತೀರ್ಮಾನವಾಗುವುದು ಆ ಬಿಂದುವಿನಲ್ಲಿ. ನಮ್ಮ ತರಗತಿಗಳಲ್ಲಿ ಸದಾ ಮುಚ್ಚಿರುವುದೂ ಅದೇ.

ಈಗ ವಿಂಧ್ಯಗಿರಿಗೆ ಬನ್ನಿ. ಚಾವುಂಡರಾಯ 981ರ ಸುಮಾರಿಗೆ ಮಾಡಿಸಿದ ಮೂರ್ತಿಯ ಅಳತೆಗಳನ್ನು 1871ರ ಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟಿದಾಗ ಮೈಸೂರು ಸರ್ಕಾರದ ಅಧಿಕಾರಿಗಳು ತೆಗೆದರು. ಪಾದದ ಉದ್ದ 9 ಅಡಿ, ಭುಜದಿಂದ ಭುಜಕ್ಕೆ 26 ಅಡಿ, ನಡುವಿನ ಅಗಲ 10 ಅಡಿ, ಕಟಿಯ ಅಗಲ 13 ಅಡಿ, ಮಧ್ಯದ ಬೆರಳು 5 ಅಡಿ 3 ಇಂಚು. ನೆಲದಿಂದ ಕಿವಿಯ ಕೆಳತುದಿಗೆ 50 ಅಡಿ, ಸೊಂಟದಿಂದ ಕಿವಿಗೆ 24 ಅಡಿ 6 ಇಂಚು. ಒಟ್ಟು ಎತ್ತರ ಸುಮಾರು 57 ಅಡಿ ಎಂದಿಟ್ಟು ಲೆಕ್ಕ ಹಾಕಿ. ಪಾದ ಎತ್ತರದ ಆರನೇ ಒಂದು ಭಾಗಕ್ಕೆ ಹತ್ತಿರ, ಜೀವಂತ ಮನುಷ್ಯನಿಗೂ ಹೆಚ್ಚುಕಡಿಮೆ ಅಷ್ಟೇ. ಭುಜವೋ, ಎತ್ತರದ ಸುಮಾರು ಶೇಕಡ 46. ಮನುಷ್ಯನಿಗೆ ಅದು ಕಾಲು ಭಾಗದ ಆಸುಪಾಸು. ಸೊಂಟ ನೆಲದಿಂದ 25 ಅಡಿ 6 ಇಂಚಿನಲ್ಲಿದೆ, ಅರ್ಧಕ್ಕಿಂತ ಕೆಳಗೆ. ಮೊಣಕಾಲಿನ ಕೆಳಭಾಗ ಗಿಡ್ಡ ಎಂದು ಹಳೆಯ ಪುರಾತತ್ವ ವರದಿಗಳೇ ಗುರುತಿಸಿವೆ. ಶಿಲ್ಪಿ ಎಲ್ಲಿ ದೇಹದ ಅಳತೆ ಹಿಡಿದ, ಎಲ್ಲಿ ಬಿಟ್ಟ ಎಂಬುದು ಈ ಅಂಕಿಗಳಲ್ಲಿ ಕಾಣುತ್ತದೆ. ಆ ವ್ಯತ್ಯಾಸವನ್ನು ಗುರುತಿಸಲು ವಿದ್ಯಾರ್ಥಿಗೆ ಮೊದಲು ನಿಜವಾದ ದೇಹದ ಅಳತೆ ಗೊತ್ತಿರಬೇಕಲ್ಲ? ಇಲ್ಲದಿದ್ದರೆ ಅವನಿಗೆ ಅದು ಬರೀ ದೊಡ್ಡ ಕಲ್ಲು. 1180ರ ಸುಮಾರಿನ ಬೊಪ್ಪಣ ಕವಿಯ ಶಾಸನ, ತೀರಾ ಎತ್ತರವಾದರೆ ಚೆಲುವು ಇರುವುದಿಲ್ಲ, ಎತ್ತರ ಚೆಲುವು ಎರಡೂ ಇದ್ದರೆ ಅತಿಶಯ ಇರುವುದಿಲ್ಲ, ಇಲ್ಲಿ ಮೂರೂ ಇವೆ ಎನ್ನುತ್ತದೆ. ಅಳತೆ ಬಲ್ಲವನ ಮೆಚ್ಚುಗೆ ಅದು.

ಇನ್ನೊಂದು ಗಮನಿಸಿ. ಕಾಯೋತ್ಸರ್ಗದಲ್ಲಿ, ಅಂದರೆ ಗೊಮ್ಮಟ ನೇರ ನಿಂತಿರುವ ಜೈನ ಧ್ಯಾನಭಂಗಿಯಲ್ಲಿ, ಭಾರ ಎರಡೂ ಪಾದದ ಮೇಲೆ, ತೋಳು ಮೈಗೆ ತಾಗುವುದಿಲ್ಲ. ತೋಳು ಮೈಗಳ ನಡುವೆ ಕಲ್ಲನ್ನು ತೆರವು ಮಾಡಿದ್ದರಿಂದಲೇ ನಡು ಅಷ್ಟು ತೆಳ್ಳಗೆ ಕಾಣುವುದು. ತೊಡೆಯ ತನಕ ಹುತ್ತ, ಹಾವು, ಬಂಡೆ ಆಸರೆಗೆ ನಿಂತಿವೆ. ಅದರ ಮೇಲೆ ಮೂರ್ತಿ ಪೂರ್ತಿ ಬಯಲಲ್ಲಿ ನಿಂತಿದೆ. 1432ರ ಕಾರ್ಕಳದ 42 ಅಡಿ, 1604ರ ವೇಣೂರಿನ 35 ಅಡಿ ಮೂರ್ತಿಗಳೂ ಇದೇ ಭಂಗಿಯವು. ಮೂರನ್ನೂ ಒಂದೇ ಎತ್ತರಕ್ಕೆ ಇಳಿಸಿ ಪಕ್ಕಪಕ್ಕ ಬರೆಯಿಸಿ ನೋಡಿ, ಒಂದು ಮಧ್ಯಾಹ್ನದ ಒಳ್ಳೆಯ ಪಾಠ. ಭಾರ ಒಂದು ಕಾಲಿಗೆ ಸರಿಯುವ ಆಭಂಗ, ತ್ರಿಭಂಗಗಳಿಗೆ ನಮ್ಮ ಶಿಲ್ಪಿಗಳು ಬಳಸಿದ್ದು ಬ್ರಹ್ಮಸೂತ್ರವನ್ನು, ಅಂದರೆ ನೆತ್ತಿಯಿಂದ ನೆಲಕ್ಕೆ ಇಳಿಬಿಟ್ಟ ನೇರ ದಾರವನ್ನು. ದೇಹ ಆ ದಾರದಿಂದ ಎಲ್ಲಿ ಎಷ್ಟು ಸರಿಯಿತು ಎಂಬುದೇ ಭಂಗಿಯ ವ್ಯಾಖ್ಯೆ. ಮೇಲೆ ಹೇಳಿದ ಕತ್ತಿನ ಗುಳಿಯ ದಾರಕ್ಕೂ ಇದಕ್ಕೂ ಕೆಲಸ ಒಂದೇ.

ಮುಚ್ಚುವವರ ಇತಿಹಾಸವೂ ನಿಮಗೆ ಗೊತ್ತಿರಬೇಕು, ಏಕೆಂದರೆ ನೀವು ಕೂತಿರುವುದು ಅದೇ ಕುರ್ಚಿಯಲ್ಲಿ. ರೋಮಿನ ಸಿಸ್ಟೀನ್ ಚಾಪೆಲಿನಲ್ಲಿ ಮೈಕೆಲ್ಯಾಂಜೆಲೊ ಬರೆದ ಗೋಡೆಚಿತ್ರ 'ಕೊನೆಯ ತೀರ್ಪು' 1541ರಲ್ಲಿ ಮುಗಿಯಿತು. 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಚಿತ್ರಗಳಲ್ಲಿನ ಅಸಭ್ಯತೆಯ ವಿರುದ್ಧ ನಿರ್ಣಯ ಮಾಡಿತು. ಕಲಾವಿದ ತೀರಿಕೊಂಡದ್ದು 1564ರಲ್ಲಿ. ಮರುವರ್ಷ ಅವನ ಸ್ನೇಹಿತನೇ ಆದ ಡಾನಿಯೆಲೆ ದಾ ವೊಲ್ಟೆರಾಗೆ ಗೋಡೆಯ ಮೇಲಿನ ಮೈಗಳಿಗೆ ಬಟ್ಟೆ ಬರೆಯುವ ಕೆಲಸ ಬಿತ್ತು. ಪಾಪ, ಒಳ್ಳೆಯ ಕಲಾವಿದ, ಆದರೆ ಇತಿಹಾಸದಲ್ಲಿ ಅವನ ಹೆಸರು 'ಚಡ್ಡಿ ಹೊಲಿದವ' ಎಂದೇ ಉಳಿದಿದೆ. ಬಟ್ಟೆ ಒಣಗಿದ ಗೋಡೆಯ ಮೇಲೆ ಬರೆದದ್ದಾಗಿದ್ದರೆ ಮುಂದೆ ತೊಳೆದು ತೆಗೆಯಬಹುದು. ಆದರೆ ಸಂತ ಕ್ಯಾಥರೀನ್ ಮತ್ತು ಸಂತ ಬ್ಲೇಸ್‌ರ ಆಕೃತಿಗಳಲ್ಲಿ ಅವನು ಮೂಲ ಗಾರೆಯನ್ನೇ ಕೆತ್ತಿ ತೆಗೆದು, ಹೊಸ ಹಸಿಗಾರೆ ಬಳಿದು ಫ್ರೆಸ್ಕೊ ಬರೆದ. ಆದ್ದರಿಂದ 1994ರಲ್ಲಿ ಮುಗಿದ ಶುದ್ಧೀಕರಣದಲ್ಲಿ ನಂತರದ ಕಾಲದ ಎಷ್ಟೋ ಬಟ್ಟೆಗಳನ್ನು ತೆಗೆದರೂ ಅವೆರಡು ಮರಳಲಿಲ್ಲ. ಮೂಲ ಹೇಗಿತ್ತೆಂದು ತಿಳಿಯಲು ಮಾರ್ಚೆಲ್ಲೊ ವೆನುಸ್ತಿ 1549ರಲ್ಲಿ ಬರೆದ ಚಿಕ್ಕ ನಕಲೇ ಗತಿ. ಫ್ಲಾರೆನ್ಸಿನ ಬ್ರಾಂಕಾಚಿ ಚಾಪೆಲಿನಲ್ಲಿ ಮಸಾಚಿಯೊ 1420ರ ದಶಕದಲ್ಲಿ ಬರೆದ ಆದಾಮ, ಈವರಿಗೆ 1680ರ ಸುಮಾರಿಗೆ ಎಲೆ ಸುತ್ತಿದರು. ಅದೃಷ್ಟಕ್ಕೆ ಅವು ಮೇಲ್ಪದರ ಮಾತ್ರ, 1980ರ ದಶಕದಲ್ಲಿ ತೆಗೆದರು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ 1857ರಲ್ಲಿ ಬಂದ ಡೇವಿಡ್‌ನ ಪ್ಲಾಸ್ಟರ್ ಕ್ಯಾಸ್ಟ್‌ಗೆ ಪ್ಲಾಸ್ಟರ್ ಎಲೆಯೊಂದನ್ನು ಮಾಡಿಸಿಟ್ಟಿದ್ದರು, ರಾಜಮನೆತನದವರು ಬಂದಾಗ ಎರಡು ಕೊಕ್ಕೆಗೆ ತಗುಲಿಸಲು. ಮುಚ್ಚಲೇಬೇಕಾದರೆ ಕೊಕ್ಕೆಯೇ ವಾಸಿ.

ತರಗತಿಯ ಮೇಲಿನ ಮುಚ್ಚಿಗೆ ಇದಕ್ಕಿಂತ ಹೆಚ್ಚು ಹಾನಿ ಮಾಡಿತು. ಪ್ಯಾರಿಸ್ಸಿನಲ್ಲಿ 1648ರಲ್ಲಿ ಹುಟ್ಟಿದ ರಾಜ ಅಕಾಡೆಮಿಯ ಅಧಿಕೃತ ತರಗತಿಯಲ್ಲಿ ನಿಲ್ಲುತ್ತಿದ್ದದ್ದು ಗಂಡು ಮಾಡೆಲ್ ಮಾತ್ರ. ಅದಕ್ಕೂ ಮೊದಲಿನ ಇಟಲಿಯ ಕಾರ್ಯಾಗಾರಗಳಲ್ಲೂ ಬಹುತೇಕ ಅಷ್ಟೇ. ಫಲ ಕಣ್ಣೆದುರಿಗಿದೆ: ಸಿಸ್ಟೀನ್ ಚಾಪೆಲಿನ ಲಿಬಿಯದ ದೈವಜ್ಞೆಗಾಗಿ ಮೈಕೆಲ್ಯಾಂಜೆಲೊ ಕೆಂಪು ಚಾಕಿನಲ್ಲಿ ಮಾಡಿದ ಅಭ್ಯಾಸಚಿತ್ರದ ಬೆನ್ನು ಗಂಡಸಿನದು. ಮೆಡಿಚಿ ಚಾಪೆಲಿನಲ್ಲಿ ಅವನು ಕೆತ್ತಿದ 'ರಾತ್ರಿ' ಎಂಬ ಹೆಣ್ಣಿನ ಶಿಲ್ಪದ ಸ್ತನಗಳು ಆಮೇಲೆ ತಂದು ಅಂಟಿಸಿದ ಹಾಗಿವೆ. ಅಷ್ಟು ದೊಡ್ಡವನ ಕೈಯಲ್ಲೇ ಹೀಗಾದರೆ ಉಳಿದವರ ಪಾಡೇನು? ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗ ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರಿದ್ದರು, ಆಂಜೆಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್. ಜೊಹಾನ್ ಜೊಫಾನಿ ಸದಸ್ಯರೆಲ್ಲ ಲೈಫ್ ಕ್ಲಾಸಿನಲ್ಲಿ ಸೇರಿರುವ ಚಿತ್ರ ಬರೆದಾಗ ಇವರಿಬ್ಬರನ್ನು ಮಾತ್ರ ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ತೋರಿಸಿದ. ಕೋಣೆಯಲ್ಲಿ ಬೆತ್ತಲೆ ಗಂಡಸು ಇದ್ದನಲ್ಲ! ಹೆಣ್ಣು ವಿದ್ಯಾರ್ಥಿಗಳಿಗೆ ಲೈಫ್ ಕ್ಲಾಸಿಗೆ ಅನುಮತಿ ಸಿಕ್ಕಿದ್ದು 1893ರಲ್ಲಿ, ಅದೂ ಮಾಡೆಲ್ ಚಡ್ಡಿಯ ಮೇಲೆ 9 ಅಡಿ ಉದ್ದ 3 ಅಡಿ ಅಗಲದ ಬಟ್ಟೆ ಸುತ್ತಿ, ಕಾಲ ನಡುವೆ ತಂದು ಸಿಕ್ಕಿಸಿ, ಮೇಲೊಂದು ತೊಗಲಿನ ಪಟ್ಟಿ ಬಿಗಿಯಬೇಕೆಂಬ ಷರತ್ತಿನ ಮೇಲೆ. ಕಚ್ಚೆ ಕಟ್ಟುವ ವಿಧಾನವನ್ನು ಇಷ್ಟು ಕರಾರುವಾಕ್ಕಾಗಿ ನಮ್ಮಲ್ಲೂ ಯಾರೂ ಬರೆದಿಟ್ಟಿರಲಿಕ್ಕಿಲ್ಲ. ಆ ಬಾಗಿಲು ತೆರೆದ ಮೇಲೆ ಆದದ್ದನ್ನು ನೋಡಲು ದೂರ ಹೋಗಬೇಕಿಲ್ಲ. 1930ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಕಲಿತ ಅಮೃತಾ ಶೇರ್‌ಗಿಲ್ ನಗ್ನಚಿತ್ರಗಳಲ್ಲಿ ಕೈ ಪಳಗಿಸಿಕೊಂಡು ಬಂದು, ಊರಿನ ಹೆಂಗಸರನ್ನು ಮೈತುಂಬ ಬಟ್ಟೆಯಲ್ಲಿ ಬರೆದಾಗಲೂ ಬಟ್ಟೆಯೊಳಗೊಂದು ದೇಹ ಕೂತಿರುತ್ತದೆ. ಬಾಂಬೆಯ ಜೆ.ಜೆ. ಶಾಲೆಯಲ್ಲಿ ಗ್ಲಾಡ್‌ಸ್ಟನ್ ಸಾಲೊಮನ್ ಪ್ರಾಂಶುಪಾಲರಾಗಿದ್ದ ಕಾಲದಲ್ಲೇ, 1920ರ ಹೊತ್ತಿಗೆ, ನಗ್ನ ಮಾಡೆಲ್‌ನ ತರಗತಿ ನೆಲೆಯೂರಿತ್ತು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಕಲಿತದ್ದೂ, ಕೆಲಕಾಲ ಕಲಿಸಿದ್ದೂ ಆ ಶಾಲೆಯಲ್ಲಿ.

ಈಗ ಕೆಲಸದ ಮಾತು. ಹದಿನೈದು ವಿದ್ಯಾರ್ಥಿಗಳಿಗೆ 25ಕ್ಕೆ 30 ಅಡಿಯ ಕೋಣೆ ಬೇಕು. ಅದಕ್ಕಿಂತ ಚಿಕ್ಕದಾದರೆ ಮುಂದಿನ ಸಾಲಿನವರು ಮಾಡೆಲ್‌ಗೆ ಐದಾರು ಅಡಿ ಹತ್ತಿರ ಕೂರುತ್ತಾರೆ, ತಲೆ ನೋಡಲು ಕತ್ತೆತ್ತಿ, ಪಾದ ನೋಡಲು ತಗ್ಗಿಸಬೇಕಾಗುತ್ತದೆ, ಚಿತ್ರದಲ್ಲಿ ತಲೆ ದೊಡ್ಡದಾಗಿ ಕಾಲು ಮೊಟಕಾಗುತ್ತದೆ. ಇಡೀ ಆಕೃತಿ ಒಂದೇ ನೋಟಕ್ಕೆ ಸಿಗಬೇಕಾದರೆ ಮಾಡೆಲ್‌ನ ಎತ್ತರದ ಎರಡೂವರೆ ಪಟ್ಟು, ಅಂದರೆ 13ರಿಂದ 15 ಅಡಿ ದೂರ ಬೇಕು. ಮಾಡೆಲ್ ನಿಲ್ಲುವ ವೇದಿಕೆ ಒಂದೂವರೆ ಅಡಿ ಎತ್ತರ, 6 ಅಡಿ ಚೌಕ, ಅಲುಗಾಡದಂತಿರಲಿ. ಮುಂದೆ ಡಾಂಕಿಗಳ (ಕೂತು ಬರೆಯುವ ಬೆಂಚುಗಳ) ಸಾಲು, ಹಿಂದೆ ನಿಂತು ಬರೆಯುವ ಈಸೆಲ್‌ಗಳು. ಬೆಳಕು ಒಂದೇ ಕಡೆಯಿಂದ ಬರಲಿ: ಉತ್ತರದ ಕಿಟಕಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಏಳೆಂಟು ಅಡಿ ಎತ್ತರದಲ್ಲಿ ಓರೆಯಾಗಿ ಒಂದು ದೀಪ. ಸೂರಿನ ಟ್ಯೂಬ್‌ಲೈಟುಗಳನ್ನೆಲ್ಲ ಹಾಕಿದರೆ ನಾಲ್ಕು ಕಡೆಯಿಂದ ಬೆಳಕು ಬಿದ್ದು ನೆರಳು ಸಾಯುತ್ತದೆ, ಮೈ ಚಪ್ಪಟೆಯಾಗುತ್ತದೆ. ಕಿಟಕಿಯ ಕೆಳಭಾಗಕ್ಕೆ ಮಬ್ಬು ಗಾಜಿನ ಫಿಲ್ಮ್ ಅಂಟಿಸಿ. ಕಪ್ಪು ಪರದೆ ಇಳಿಬಿಟ್ಟರೆ ಕರಾವಳಿಯ ಸೆಕೆಯಲ್ಲಿ ಯಾರೂ ಒಂದು ಗಂಟೆ ಉಳಿಯುವುದಿಲ್ಲ. ಬೆಂಗಳೂರಿನ ಡಿಸೆಂಬರ್ ಬೆಳಗಿನಲ್ಲಿ ತೊಂದರೆ ಉಲ್ಟಾ. ಬಟ್ಟೆಯಿಲ್ಲದೆ ಅಲುಗಾಡದೆ ನಿಂತವರಿಗೆ ಬರೆಯುವವರಿಗಿಂತ ಬೇಗ ಚಳಿ ಹತ್ತುತ್ತದೆ, ನಡುಕ ಶುರುವಾದರೆ ಭಂಗಿ ಮುಗಿಯಿತು. ಹೀಟರ್ ಇಡಿ, ಐದಡಿ ದೂರದಲ್ಲಿ, ಎರಡು ಕಡೆ. ಒಂದೇ ಕಡೆ ಇಟ್ಟರೆ ಆ ಬದಿಯ ಚರ್ಮ ಕೆಂಪಾಗುತ್ತದೆ.

ಮೂರು ಗಂಟೆಯ ತರಗತಿ ಎಂದರೆ 20 ನಿಮಿಷದ ಆರೇಳು ಸರದಿ, ಪ್ರತಿಯೊಂದರ ನಂತರ 5 ನಿಮಿಷ ವಿರಾಮ, ನಡುವೆ ಒಂದು ದೊಡ್ಡ ವಿರಾಮ. ಶುರುವಿಗೆ ಅರ್ಧ, ಒಂದು, ಎರಡು ನಿಮಿಷದ ಚುರುಕು ಭಂಗಿಗಳು, ನ್ಯೂಸ್‌ಪ್ರಿಂಟ್ ಕಾಗದದ ಮೇಲೆ, ಇದ್ದಿಲ ಕಡ್ಡಿಯಲ್ಲಿ. ದೀರ್ಘ ಭಂಗಿಗೆ 15ಕ್ಕೆ 22 ಇಂಚಿನ ಕಾರ್ಟ್ರಿಜ್ ಹಾಳೆ ಸಾಕು. ಭಂಗಿ ಕೂತ ಕೂಡಲೇ ಹಿಮ್ಮಡಿ, ಹೆಬ್ಬೆರಳು, ಕೈ ಊರಿದ ಜಾಗಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ, ಕಣ್ಣು ನೆಟ್ಟ ಜಾಗಕ್ಕೆ ಗೋಡೆಯ ಮೇಲೊಂದು ಗುರುತು ಮಾಡಿ. ಇಲ್ಲದಿದ್ದರೆ ವಿರಾಮದ ನಂತರ ಬರುವುದು ಬೇರೆಯೇ ಭಂಗಿ. ಕೈ ಮೇಲೆತ್ತಿದ ಭಂಗಿ ಐದು ನಿಮಿಷ ಮೀರಬಾರದು. ಮಂಡಿಯನ್ನು ಹಿಂದಕ್ಕೆ ಬಿಗಿಹಿಡಿದು ನಿಂತರೆ ರಕ್ತ ಕಾಲಿನಲ್ಲೇ ನಿಂತು ತಲೆ ಸುತ್ತುತ್ತದೆ. ಹೊಸ ಮಾಡೆಲ್‌ಗಳು ಬೀಳುವುದು ಹೀಗೆಯೇ. ತುಟಿ ಬಿಳಿಚಿಕೊಂಡರೆ, ಮೇಲ್ದುಟಿಯ ಮೇಲೆ ಬೆವರು ಮೂಡಿದರೆ, ಪದೇಪದೇ ಆಕಳಿಕೆ ಬಂದರೆ ತಕ್ಷಣ ಭಂಗಿ ನಿಲ್ಲಿಸಿ, ಮಲಗಿಸಿ, ಕಾಲು ಎತ್ತರಕ್ಕಿಡಿ. ಬೆಳಿಗ್ಗೆ ತಿಂಡಿ ತಿಂದಿದ್ದೀರಾ ಎಂದು ಮೊದಲೇ ಕೇಳಿಕೊಂಡರೆ ಅರ್ಧ ಸಮಸ್ಯೆ ಬರುವುದೇ ಇಲ್ಲ.

ವಿದ್ಯಾರ್ಥಿಗಳ ತಪ್ಪುಗಳೂ ಬಹುಮಟ್ಟಿಗೆ ಒಂದೇ ಥರದವು. ತಲೆಯಿಂದ ಶುರು ಮಾಡಿ ಇಳಿಯುತ್ತಾರೆ, ಹಾಳೆ ಪಾದದ ಗಿಣ್ಣಿಗೇ ಮುಗಿದುಹೋಗುತ್ತದೆ. ಆದ್ದರಿಂದ ಮೊದಲು ನೆತ್ತಿಗೂ ನೆಲಕ್ಕೂ ಗುರುತು, ಆಮೇಲೆ ಮಧ್ಯದ ಜಘನಾಸ್ಥಿಗೆ, ಆಮೇಲೆ ಭುಜ ಮತ್ತು ಸೊಂಟದ ಎರಡು ಓರೆ ಗೆರೆ. ದಾರಕ್ಕೊಂದು ಕಬ್ಬಿಣದ ನಟ್ ಕಟ್ಟಿಕೊಂಡರೆ ಅದೇ ತೂಗುಗುಂಡು. ಹತ್ತು ನಿಮಿಷವಾಗುತ್ತಲೇ ಮಾಡೆಲ್‌ನ ಮೈ ಕುಗ್ಗುತ್ತದೆ: ಎದೆ ಇಳಿಯುತ್ತದೆ, ಸೊಂಟ ಇನ್ನಷ್ಟು ವಾಲುತ್ತದೆ. ಆ ಬದಲಾವಣೆಯ ಹಿಂದೆ ಓಡುತ್ತ ತಿದ್ದಿದವನ ಚಿತ್ರ ಎಂದೂ ಮುಗಿಯುವುದಿಲ್ಲ. ಮೊದಲ ಐದು ನಿಮಿಷದ ಗೆರೆಗಳನ್ನೇ ನಂಬಬೇಕು.

16 ವಾರಗಳ ಸೆಮಿಸ್ಟರಿನಲ್ಲಿ ವಾರಕ್ಕೆ ಮೂರು ಗಂಟೆ, ಒಟ್ಟು 48 ಗಂಟೆ ಸಿಗುತ್ತದೆ. ಮೊದಲ ಮೂರು ವಾರ ಅಸ್ಥಿಪಂಜರ ಮತ್ತು ಕ್ಯಾಸ್ಟ್, ಮುಂದಿನ ಮೂರು ವಾರ ಚುರುಕು ಭಂಗಿ, ಆಮೇಲೆ ಎರಡೆರಡು ವಾರಕ್ಕೊಂದು ದೀರ್ಘ ಭಂಗಿ. ಕೊನೆಯ ಎರಡು ವಾರ ಅದೇ ಮಾಡೆಲ್‌ಗೆ ಅದೇ ಭಂಗಿಯಲ್ಲಿ ಸೀರೆ ಅಥವಾ ಪಂಚೆ ಉಡಿಸಿ ಬರೆಯಿಸಿ. ಲಿಯಾನ್ ಬತಿಸ್ತಾ ಆಲ್ಬರ್ತಿ 1435ರಲ್ಲೇ ಹೇಳಿದ ಕ್ರಮವಿದು: ಬಟ್ಟೆ ತೊಟ್ಟವರನ್ನು ಬರೆಯಬೇಕಾದರೂ ಮೊದಲು ಮೂಳೆ, ಮೇಲೆ ಮಾಂಸ, ಬೆತ್ತಲೆ ಮೈ, ಆಮೇಲೆ ಬಟ್ಟೆ. ನೆರಿಗೆ ಎಲ್ಲಿಂದ ಹುಟ್ಟುತ್ತದೆ ಎಂಬುದು ಆಗ ಹೇಳಿಕೊಡದೆಯೇ ತಿಳಿಯುತ್ತದೆ.

ಮಾಡೆಲ್ ವಿಚಾರದಲ್ಲಿ ರಾಜಿ ಬೇಡ. 18 ದಾಟಿದವರು, ವಯಸ್ಸಿನ ದಾಖಲೆಯೊಂದಿಗೆ. ಕಾಲೇಜಿನ ವಿದ್ಯಾರ್ಥಿಗಳನ್ನಾಗಲಿ, ಅಟೆಂಡರ್, ಸ್ವಚ್ಛತಾ ಸಿಬ್ಬಂದಿಯನ್ನಾಗಲಿ ಕೇಳಲೇಬಾರದು. ಸಂಬಳ ಕೊಡುವವರು ಕೇಳಿದರೆ ಅವರು ಇಲ್ಲ ಎನ್ನುವುದು ಹೇಗೆ? ಕರಾರು ಕನ್ನಡದಲ್ಲಿರಲಿ, ಓದಿ ಹೇಳಿ, ಪ್ರತಿ ಕೊಡಿ. ಭಂಗಿಯ ನಡುವೆ ಬೇಡವೆನ್ನಿಸಿದರೆ ಎದ್ದು ಹೋಗುವ ಹಕ್ಕು ಅದರಲ್ಲಿರಬೇಕು, ಆ ದಿನದ ಹಣ ಪೂರ್ತಿ ಸಿಗಬೇಕು. ಕೂಲಿ ಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು, ಅಂದೇ ಪಾವತಿಯಾಗಬೇಕು. ಒಳಗಿನಿಂದ ಚಿಲಕವಿರುವ ಬಟ್ಟೆ ಬದಲಿಸುವ ಕೋಣೆ, ಒಗೆದ ನಿಲುವಂಗಿ, ವೇದಿಕೆಗೆ ಒಗೆದ ಬೆಡ್‌ಶೀಟ್. ನಿಲುವಂಗಿ ತೆಗೆಯುವುದು ವೇದಿಕೆಯ ಮೇಲೆ, ವಿರಾಮದಲ್ಲಿ ಮತ್ತೆ ತೊಡುವುದು. ಭಂಗಿ ತಿದ್ದಬೇಕಾದರೆ ಬಾಯಿಮಾತಿನಲ್ಲಿ, ಯಾರೂ ಮುಟ್ಟಬಾರದು, ಮೇಷ್ಟರೂ ಕೂಡ. ಇಬ್ಬರು ಅಧ್ಯಾಪಕರಿರಬೇಕು, ಒಬ್ಬರು ಮಹಿಳೆ. ಫೋನುಗಳೆಲ್ಲ ಬಾಗಿಲ ಹೊರಗೆ ಬೀಗದ ಪೆಟ್ಟಿಗೆಯಲ್ಲಿ. ಪ್ರದರ್ಶನಕ್ಕಿಡುವ ಚಿತ್ರದಲ್ಲಿ ಮುಖದ ಗುರುತು ಸಿಗುವಂತಿದ್ದರೆ ಮಾಡೆಲ್‌ನ ಪ್ರತ್ಯೇಕ ಒಪ್ಪಿಗೆ ಬೇಕು. ಎದುರಿಗೆ ನಿಂತವರು ಬರೀ ಮೈ ಅಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ: 1865ರಲ್ಲಿ ಪ್ಯಾರಿಸ್ಸನ್ನು ಕೆರಳಿಸಿದ, ಫ್ರೆಂಚ್ ಚಿತ್ರಕಾರ ಮಾನೆಯ 'ಒಲಿಂಪಿಯಾ' ಎಂಬ ನಗ್ನಚಿತ್ರಕ್ಕೆ ಮಾಡೆಲ್ ಆಗಿದ್ದ ವಿಕ್ಟೋರಿನ್ ಮ್ಯೂರಾಂ ಸ್ವತಃ ಕಲಾವಿದೆ, ಸಲೋನ್ ಎಂಬ ಪ್ಯಾರಿಸ್ಸಿನ ಅಧಿಕೃತ ಕಲಾಪ್ರದರ್ಶನದಲ್ಲಿ 1876ರಲ್ಲಿ ಅವಳ ಸ್ವಚಿತ್ರ ಪ್ರದರ್ಶನಗೊಂಡಿತ್ತು.

ಕಾನೂನಿನ ಭಯ ಹೇಳುತ್ತೀರಿ. ಅಶ್ಲೀಲತೆಯ ಹಳೆಯ 292ನೇ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 294. ವಿಜ್ಞಾನ, ಸಾಹಿತ್ಯ, ಕಲೆ, ಕಲಿಕೆಯ ಹಿತಕ್ಕಾಗಿ ಸಾರ್ವಜನಿಕ ಒಳಿತಿನದೆಂದು ಸಮರ್ಥಿಸಬಹುದಾದ ಚಿತ್ರ, ಬರಹಗಳಿಗೆ ಅದರಲ್ಲೇ ವಿನಾಯಿತಿ ಇದೆ. 1954ರಲ್ಲಿ ಬಾಂಬೆಯಲ್ಲಿ ಚಿತ್ರಕಾರ ಅಕ್ಬರ್ ಪದಮ್‌ಸೀ ಅವರ ಮೇಲೆ ಹೂಡಿದ ಮೊಕದ್ದಮೆಯಿಂದ ಅವರು ಬಿಡುಗಡೆಯಾದರು. 2008ರಲ್ಲಿ ದೆಹಲಿ ಹೈಕೋರ್ಟ್ ಎಂ. ಎಫ್. ಹುಸೇನ್ ಅವರ ಮೇಲಿನ ಪ್ರಕರಣಗಳನ್ನು ರದ್ದು ಮಾಡಿತು. 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಹಿಕ್ಲಿನ್ ಪರೀಕ್ಷೆಯನ್ನು (ಬೇಗ ಕೆಡಬಹುದಾದ ಮನಸ್ಸುಗಳನ್ನು ಕೃತಿ ಕೆಡಿಸೀತೇ ಎಂದು ನೋಡುವ ಇಂಗ್ಲಿಷ್ ಅಳತೆಗೋಲನ್ನು) ಕೈಬಿಟ್ಟು, ನಗ್ನತೆ ಇದ್ದಮಾತ್ರಕ್ಕೆ ಅಶ್ಲೀಲವಾಗದು ಎಂದಿತು. ಕಸ್ಟಮ್ಸ್‌ನವರು 2023ರಲ್ಲಿ ತಡೆಹಿಡಿದಿದ್ದ ಎಫ್. ಎನ್. ಸೋಜಾ ಮತ್ತು ಪದಮ್‌ಸೀ ಅವರ ಏಳು ಕೃತಿಗಳನ್ನು ಬಿಡುವಂತೆ ಬಾಂಬೆ ಹೈಕೋರ್ಟ್ 2024ರ ಅಕ್ಟೋಬರಿನಲ್ಲಿ ಆದೇಶಿಸಿತು. ನೀವು ನಿಜಕ್ಕೂ ಹೆದರಬೇಕಾದದ್ದು ಬೇರೆ ಕಲಮುಗಳಿಗೆ. ಒಪ್ಪಿಗೆಯಿಲ್ಲದೆ ಯಾರಾದರೂ ಫೋಟೊ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಪ್ರಕಾರ ಮೂರು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮಾಡೆಲ್ ಮಹಿಳೆಯಾಗಿದ್ದರೆ ನ್ಯಾಯ ಸಂಹಿತೆಯ 77ನೇ ಕಲಮೂ ಬರುತ್ತದೆ. ದಿನಗೂಲಿಗೆ ಬಂದ ಮಹಿಳೆಯೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಲೆಕ್ಕದಲ್ಲಿ ಉದ್ಯೋಗಿಯೇ, ಅವರ ದೂರು ನಿಮ್ಮ ಆಂತರಿಕ ಸಮಿತಿಗೆ ಬರುತ್ತದೆ. ಫೋನಿನ ಪೆಟ್ಟಿಗೆ, ಕರಾರು, ಇಬ್ಬರು ಅಧ್ಯಾಪಕರು ಎಂದು ಮೇಲೆ ಒತ್ತಿ ಹೇಳಿದ್ದು ಇದಕ್ಕೇ.

ಪೋಷಕರು ಬಂದು ಕೇಳುತ್ತಾರೆ ಎಂಬುದೂ ನಿಜ. ಪ್ರವೇಶದ ದಿನವೇ ಪ್ರಾಸ್ಪೆಕ್ಟಸ್‌ನಲ್ಲಿ ಒಂದು ಪುಟ ಮುದ್ರಿಸಿ: ತರಗತಿ ಯಾವ ಸೆಮಿಸ್ಟರಿನಲ್ಲಿ, ನಿಯಮಗಳೇನು, ಪರ್ಯಾಯವೇನು. ಮೊದಲೇ ಗೊತ್ತಿದ್ದ ವಿಷಯಕ್ಕೆ ಗಲಾಟೆ ಕಡಿಮೆ. ಗೊತ್ತಿಲ್ಲದೆ ವಾಟ್ಸ್‌ಆಪಿನಲ್ಲಿ ಬಂದ ಅರ್ಧ ಸುದ್ದಿಗೆ ಗಲಾಟೆ ಹೆಚ್ಚು.

ಅಧ್ಯಯನ ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ, ತೀರ್ಮಾನ ಹೌದಾದರೂ ಅಲ್ಲವಾದರೂ ಕಾರಣಸಹಿತ ಲಿಖಿತವಾಗಿ ಪ್ರಕಟಿಸಿ. ಒಪ್ಪುವುದಾದರೆ ಮಾಡೆಲ್ ಸಂಭಾವನೆಗೆ ಆಯವ್ಯಯದಲ್ಲಿ ಪ್ರತ್ಯೇಕ ಶೀರ್ಷಿಕೆ ತೆರೆಯಿರಿ. 'ಇತರೆ ಖರ್ಚು' ಎಂಬಲ್ಲಿ ಸೇರಿಸಿದರೆ ಆಡಿಟ್ ಆಕ್ಷೇಪ ಬಂದು ಎರಡನೇ ವರ್ಷವೇ ನಿಲ್ಲುತ್ತದೆ. ಕರಾರಿನ ಕರಡು, ವೇದಿಕೆಯ ನಕ್ಷೆ, 16 ವಾರಗಳ ಪಾಠಯೋಜನೆ ಸಿದ್ಧವಿವೆ. ಕೇಳಿದ ಕಾಲೇಜಿಗೆ ಕಳಿಸಿಕೊಡುತ್ತೇವೆ.

ಇಂತಿ,
ಮಾನವಾಕೃತಿ ಬರೆಯುವುದನ್ನೂ ಕೆತ್ತುವುದನ್ನೂ ಕಲಿಸುವ ಕೆಲವರು